ಲಿಟಲ್ ಹೌಸ್ ಆನ್ ದ ಪ್ರೇರೀ ಧಾರಾವಾಹಿಯ ಇಂಗಲ್ಸ್ ಕುಟುಂಬದ ಕಥೆ ಎಷ್ಟರ ಮಟ್ಟಿಗೆ ನಿಜ?

ಮಕ್ಕಳೊಂದಿಗೆ ಈ ಧಾರಾವಾಹಿಯನ್ನು ನೋಡಲು ಆರಂಭಿಸಿರುವ ನೀವು, ಇದು ನಿಜವಾಗಿ ನಡೆದ ಕಥೆಯೇ ಎಂದು ಕೇಳಿದ್ದೀರಿ. ಆ ಕುಟುಂಬ ನಿಜ, ಅಮೆರಿಕದ ಮಿನೆಸೋಟಾದ ವಾಲ್ನಟ್ ಗ್ರೋವ್ ಎಂಬ ಊರು ನಿಜ, ಬಡತನವೂ ನಿಜ. ಆದರೆ ಅವರು ಆ ಒಂದೇ ಊರಿನಲ್ಲಿ ನೆಲೆನಿಂತು ಬಾಳಿದರೆಂಬುದು ನಿಜವಲ್ಲ. ಧಾರಾವಾಹಿಯನ್ನು ಎರಡು ಬಾರಿ ಪೂರ್ತಿಯಾಗಿ ನೋಡಿ, ಆ ಕುಟುಂಬದ ಮಗಳು ಲಾರಾ ಇಂಗಲ್ಸ್ ವೈಲ್ಡರ್ ತಮ್ಮ ಬಾಲ್ಯದ ಬಗ್ಗೆ ಬರೆದ ಪುಸ್ತಕಗಳನ್ನೂ ಓದಿದ ಮೇಲೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ವ್ಯತ್ಯಾಸ ಇದೇ.

1974ರಿಂದ 1983ರವರೆಗೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾದ ಈ ಧಾರಾವಾಹಿಯಲ್ಲಿ ತಂದೆ ಚಾರ್ಲ್ಸ್‌ನ ಪಾತ್ರ ವಹಿಸಿದ ಮೈಕೆಲ್ ಲ್ಯಾಂಡನ್ ಅವರೇ ನಿರ್ಮಾಣದ ಹೊಣೆ ಹೊತ್ತು, ಅನೇಕ ಕಂತುಗಳನ್ನು ಬರೆದು ನಿರ್ದೇಶಿಸಿದರು. ವಾರವಾರವೂ ಬರುವ ಕಥೆಗೆ ಒಂದು ಶಾಲೆ, ಒಂದು ಚರ್ಚು, ಓಲ್ಸನ್ ದಂಪತಿಗಳ ಅಂಗಡಿ, ಪರಿಚಿತ ನೆರೆಹೊರೆ ಬೇಕಿತ್ತು. ಹೀಗಾಗಿ ಚಾರ್ಲ್ಸ್ ಆ ಊರಿನಲ್ಲಿ ಬೇರೂರಿದ. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ. ಸಮತಟ್ಟಾದ ಮಿನೆಸೋಟಾದ ಬಯಲಿನ ಹಿಂದೆ ಗುಡ್ಡಗಳು ಕಾಣುವುದು ಅದಕ್ಕಾಗಿಯೇ.

ನಿಜವಾದ ಇಂಗಲ್ಸ್ ಕುಟುಂಬ 1874ರಲ್ಲಿ ವಾಲ್ನಟ್ ಗ್ರೋವ್‌ಗೆ ಬಂದು, ಮೊದಲು ಪ್ಲಮ್ ಕ್ರೀಕ್ ಹಳ್ಳದ ದಂಡೆಯನ್ನು ಕೊರೆದು ಮಾಡಿದ ಮಣ್ಣಿನ ಗೂಡಿನಲ್ಲಿ ವಾಸಿಸಿತು. ಅವರ ಗೋಧಿಯನ್ನು ತಿಂದು ಮುಗಿಸಿದ್ದು ಮಿಡತೆಗಳು. 1873ರಿಂದ 1877ರವರೆಗೆ ಆ ಸೀಮೆಯನ್ನೆಲ್ಲ ಕಾಡಿದ ಆ ಮಿಡತೆಗಳು ಬೆಳೆಯನ್ನು ತಿಂದು, ನೆಲದಲ್ಲಿ ಮೊಟ್ಟೆಯಿಟ್ಟು, ಮುಂದಿನ ವರ್ಷದ ಆಸೆಯನ್ನೂ ಕಿತ್ತುಕೊಂಡವು. ತನ್ನ ಬಳಿ ಏನೂ ಉಳಿದಿಲ್ಲವೆಂದು ಪ್ರಮಾಣ ಮಾಡಿ ಸರ್ಕಾರದಿಂದ ಹಿಟ್ಟು ಪಡೆಯಬೇಕಾದ ಸ್ಥಿತಿ ಚಾರ್ಲ್ಸ್‌ಗೆ ಬಂತು. ಧಾರಾವಾಹಿಯ ಮೊದಲ ವರ್ಷದ ಒಂದು ಕಂತಿನಲ್ಲಿ ಆಲಿಕಲ್ಲು ಮಳೆಗೆ ಗೋಧಿ ನಾಶವಾಗಿ, ಚಾರ್ಲ್ಸ್ ನೂರು ಮೈಲಿ ನಡೆದು ಕಲ್ಲು ಸಿಡಿಸುವ ಕೂಲಿಗೆ ಹೋಗುತ್ತಾನೆ. ಆ ಕಂತು ನನಗೆ ಬಹಳ ಪ್ರಿಯ, ಏಕೆಂದರೆ ಬೆಳೆ ಕಳೆದುಕೊಂಡ ರೈತನ ಅವಮಾನವನ್ನೂ ಹಟವನ್ನೂ ಅದು ಪ್ರಾಮಾಣಿಕವಾಗಿ ತೋರಿಸುತ್ತದೆ. ಆದರೆ ಆಲಿಕಲ್ಲು ಒಂದು ದಿನದ ಆಪತ್ತು. ಹೊಲ ಬಿಟ್ಟು ಹೋಗುವಂತೆ ಮಾಡಿದ್ದು ಮಿಡತೆಗಳು.

1876ರಲ್ಲಿ ಅವರು ಹೊರಟರು. ಲಾರಾಳ ಪುಟ್ಟ ತಮ್ಮ ಒಂಬತ್ತು ತಿಂಗಳ ಕೂಸಾಗಿ ತೀರಿಕೊಂಡದ್ದು ಆ ಪಯಣದ ನಡುವೆ. ಧಾರಾವಾಹಿ ಆ ಸಾವನ್ನು ವಾಲ್ನಟ್ ಗ್ರೋವ್‌ನಲ್ಲೇ ಇರಿಸಿದೆ. ಅಯೋವಾದ ಬರ್ ಓಕ್‌ನಲ್ಲಿ ಹೋಟೆಲ್ ಕೆಲಸ ಮಾಡಿ, ಸಾಲ ತೀರಿಸಲಾಗದೆ ರಾತ್ರೋರಾತ್ರಿ ಊರು ಬಿಟ್ಟು, 1877ರಲ್ಲಿ ವಾಲ್ನಟ್ ಗ್ರೋವ್‌ಗೆ ಮರಳಿ, 1879ರಲ್ಲಿ ಮತ್ತೆ ಡಕೋಟಾ ಕಡೆಗೆ ನಡೆದರು. ಧಾರಾವಾಹಿಯಲ್ಲಿ ಬರುವ ಸಾಕುಮಗ ಆಲ್ಬರ್ಟ್ ಪೂರ್ಣ ಕಲ್ಪನೆ.

ಧಾರಾವಾಹಿಗೆ ಮುನ್ನ ಬಂದ ಚಲನಚಿತ್ರವನ್ನು ಮಕ್ಕಳಿಗೆ ತೋರಿಸುವಾಗ ಒಂದು ವಿಷಯವನ್ನು ದಯವಿಟ್ಟು ವಿವರಿಸಿ. ಕಾನ್ಸಾಸ್‌ನಲ್ಲಿ ವಾಲ್ನಟ್ ಗ್ರೋವ್‌ಗೆ ಬರುವ ಮೊದಲು ಚಾರ್ಲ್ಸ್ ಮನೆ ಕಟ್ಟಿದ್ದು ಖಾಲಿ ನೆಲದಲ್ಲಲ್ಲ, ಅಲ್ಲಿನ ಮೂಲನಿವಾಸಿಗಳಾದ ಓಸೇಜ್ ಜನರಿಗೆ ಸೇರಿದ ನೆಲದಲ್ಲಿ. ಆ ನೆಲದಿಂದ ಎಬ್ಬಿಸಲ್ಪಟ್ಟ ಇಂಗಲ್ಸ್ ಕುಟುಂಬದ ದುಃಖ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ಓಸೇಜರ ದುಃಖವನ್ನು ನಾವು ಹೇಳಬೇಕಾಗುತ್ತದೆ.

ಲಾರಾಳ ಅಕ್ಕ ಮೇರಿ ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡದ್ದು ನಿಜ. ಧಾರಾವಾಹಿಯ ಮೇರಿ ಅಂಧರ ಶಾಲೆಯ ಶಿಕ್ಷಕನನ್ನು ಮದುವೆಯಾಗಿ ತಾನೂ ಶಿಕ್ಷಕಿಯಾಗುತ್ತಾಳೆ. ನಿಜವಾದ ಮೇರಿ ಅಯೋವಾದ ವಿಂಟನ್‌ನಲ್ಲಿದ್ದ ಅಂಧರ ಶಾಲೆಯಲ್ಲಿ ಓದಿ, ಮದುವೆಯಾಗದೆ ತಂದೆತಾಯಿಯ ಮನೆಗೆ ಮರಳಿ, ಕುದುರೆಗಳಿಗೆ ನೊಣ ಕೂರದಂತೆ ಹೊದಿಸುವ ಬಲೆಗಳನ್ನು ಹೆಣೆದು ಮಾರಿ ಮನೆಗೆ ನೆರವಾದಳು.