ಪೈಥಾನ್‌ನ ಯಾವ ಆವೃತ್ತಿಗೆ ಹೋದರೆ ಹತ್ತು ವರ್ಷ ಅದನ್ನು ಮುಟ್ಟದೆ ಇರಬಹುದು?

ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನ ಹೊಸ ಆವೃತ್ತಿ ಪ್ರತಿ ಅಕ್ಟೋಬರ್‌ನಲ್ಲೂ ಬರುತ್ತದೆ, ನಮ್ಮ ಕಚೇರಿಯ ಕೋಡ್ ಇನ್ನೂ 3.8ರಲ್ಲೇ ಇದೆ, ಒಮ್ಮೆ ಬದಲಾಯಿಸಿ ಹತ್ತು ವರ್ಷ ನಿಶ್ಚಿಂತೆಯಿಂದ ಇರಬಹುದಾದ ಆವೃತ್ತಿ ಯಾವುದು ಎಂದು ಕೇಳಿದ್ದೀರಿ. 2020ರಲ್ಲಿ ನನ್ನನ್ನೂ ಇದೇ ಪ್ರಶ್ನೆ ಕಾಡಿತ್ತು. ಆಗ ನನಗೆ ನಾನೇ ಹೇಳಿಕೊಂಡ ಉತ್ತರದಿಂದಾಗಿ ಹಾಲು ಹಾಕುವ ರೈತರ ಒಂದು ಬಟವಾಡೆ ಎರಡು ದಿನ ತಡವಾಯಿತು.

ಆಗ ನಾನು ಐದು ಜನರಿದ್ದ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಒದಗಿಸುವುದು ನಮ್ಮ ಉದ್ಯೋಗ. ಬೆಳಿಗ್ಗೆ ಮತ್ತು ಸಂಜೆ ಅಳೆದ ಹಾಲಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಂಕಿಗಳು ನಮ್ಮ ಸರ್ವರ್‌ಗೆ ಬಂದು ಸೇರುತ್ತಿದ್ದವು. ರಾತ್ರಿ ಎರಡು ಗಂಟೆಗೆ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಮೂಲಕ ಓಡುವ ಒಂದು ಪೈಥಾನ್ ಸ್ಕ್ರಿಪ್ಟ್ ಅವಕ್ಕೆ ದರ ಹಾಕಿ, ಬಟವಾಡೆ ಪಟ್ಟಿ ಸಿದ್ಧಪಡಿಸಿ, ಬೆಳಗಾಗುವುದರೊಳಗೆ ಸಂಘದ ಕಾರ್ಯದರ್ಶಿಗಳಿಗೆ ತಲುಪಿಸುತ್ತಿತ್ತು.

ನನ್ನ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪಿನಂತೆ ಕಾಣಲೇ ಇಲ್ಲ. ನನಗಿಂತ ಮೊದಲು ಆ ಸರ್ವರ್ ನೋಡಿಕೊಳ್ಳುತ್ತಿದ್ದವರು ಕ್ರಾನ್ ಫೈಲಿನ ತಲೆಯಲ್ಲಿ ‘ಪೈಥಾನ್‌ವಾರ್ನಿಂಗ್ಸ್’ ಎಂಬ ವೇರಿಯಬಲ್‌ಗೆ ‘ಡಿಫಾಲ್ಟ್’ ಎಂಬ ಬೆಲೆ ಕೊಟ್ಟಿದ್ದರು. ಮುಂದೆ ತೆಗೆದುಹಾಕಲಿರುವ ಸೌಲಭ್ಯವನ್ನು ನಮ್ಮ ಕೋಡ್ ಬಳಸಿದರೆ ಪೈಥಾನ್ ಒಂದು ಎಚ್ಚರಿಕೆ ಕೊಡುತ್ತದೆ. ಆದರೆ ಗ್ರಂಥಾಲಯಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಒಳಗಿನಿಂದ ಏಳುವ ಇಂತಹ ಎಚ್ಚರಿಕೆಗಳನ್ನು ಅದು ತಾನಾಗಿ ತೋರಿಸುವುದಿಲ್ಲ. ಈ ರೀತಿ ಕೇಳಿಕೊಂಡರೆ ಮಾತ್ರ ತೋರಿಸುತ್ತದೆ. ಕ್ರಾನ್ ಅದನ್ನು ದಿನವೂ ನನಗೆ ಮೇಲ್ ಮಾಡುತ್ತಿತ್ತು. ಪೈಥಾನ್‌ನದೇ ‘ಕಲೆಕ್ಷನ್ಸ್’ ಎಂಬ ಮಾಡ್ಯೂಲಿನಿಂದ (ಕೋಡಿನ ಕಟ್ಟಿನಿಂದ) ‘ಮ್ಯಾಪಿಂಗ್’ ಮುಂತಾದವನ್ನು ನೇರವಾಗಿ ತರುವುದು 3.3ರಿಂದಲೇ ಹಳತಾಗಿದೆ, ‘ಕಲೆಕ್ಷನ್ಸ್ ಡಾಟ್ ಎಬಿಸಿ’ಯಿಂದ ತನ್ನಿ, 3.9ರಲ್ಲಿ ಇದು ನಿಂತುಹೋಗುತ್ತದೆ ಎಂಬುದು ಆ ಮೇಲ್‌ನ ಸಾರ. ಎಚ್ಚರಿಕೆ ಬರುತ್ತಿದ್ದದ್ದು ನಾವು ಬರೆದ ಕೋಡಿನಿಂದಲ್ಲ, ಯಾರೋ ಎಂದೋ ಬರೆದಿದ್ದ ಗ್ರಂಥಾಲಯವೊಂದನ್ನು ನಕಲು ಮಾಡಿ ನಮ್ಮ ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದ ಒಂದು ಫೈಲಿನಿಂದ. ಆದ್ದರಿಂದ ಅದು ನನ್ನ ಹೊಣೆಯಲ್ಲ ಎಂದುಕೊಂಡೆ.

ಅಷ್ಟರಲ್ಲಿ 2020ರ ಅಕ್ಟೋಬರ್‌ನಲ್ಲಿ 3.9 ಬಂತು. ಕುತೂಹಲಕ್ಕೆ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿ ನಮ್ಮ ಸ್ಕ್ರಿಪ್ಟ್ ಓಡಿಸಿದರೆ ಏನೂ ಮುರಿಯಲಿಲ್ಲ. ಎಚ್ಚರಿಕೆಯ ಮಾತು ಮಾತ್ರ ‘3.10ರಲ್ಲಿ ನಿಂತುಹೋಗುತ್ತದೆ’ ಎಂದು ಬದಲಾಗಿತ್ತು. ಇವರು ಹೆದರಿಸುತ್ತಾರೆಯೇ ಹೊರತು ಮಾಡುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಅದೇ ವಾರ ಕ್ರಾನ್ ಫೈಲಿನಲ್ಲಿದ್ದ ‘ಡಿಫಾಲ್ಟ್’ ಅಳಿಸಿ ‘ಇಗ್ನೋರ್’ ಎಂದು ಬರೆದೆ, ಮೇಲ್‌ಬಾಕ್ಸ್ ಖಾಲಿಯಾಯಿತು, ನೆಮ್ಮದಿಯಾಯಿತು. ನಿಜವಾಗಿ ನಡೆದದ್ದೇನೆಂದರೆ, 2.7 ಮತ್ತು 3 ಎರಡರಲ್ಲೂ ಓಡಬೇಕಿದ್ದ ಗ್ರಂಥಾಲಯಗಳಿಗೆ ತೊಂದರೆಯಾಗಬಾರದೆಂದು ಪೈಥಾನ್ ತಂಡವು ಆ ಹಳೆಯ ದಾರಿಯನ್ನು ಕೊನೆಯದಾಗಿ ಇನ್ನೊಂದು ಬಿಡುಗಡೆಯವರೆಗೆ ಉಳಿಸಿತ್ತು, ಮತ್ತು ಹಾಗೆಂದು 3.9ರ ಟಿಪ್ಪಣಿಯಲ್ಲಿ ಎಚ್ಚರಿಕೆಗಳನ್ನು ಪರೀಕ್ಷಿಸಿಕೊಳ್ಳಿ ಎಂಬ ಶೀರ್ಷಿಕೆಯಡಿ ಬರೆದೂ ಇತ್ತು. ನನ್ನಂಥ ಸೋಮಾರಿಗಳಿಗೆ ಕೊಟ್ಟ ವಾಯಿದೆಯನ್ನೇ ನಾನು ಪೊಳ್ಳು ಬೆದರಿಕೆ ಎಂದು ಓದಿಕೊಂಡಿದ್ದೆ. 3.3 ಬಂದದ್ದು 2012ರಲ್ಲಿ, 3.10 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಒಂಬತ್ತು ವರ್ಷ ಡಂಗುರ ಸಾರಿದ ಮೇಲೆಯೇ ಅವರು ಆ ಬಾಗಿಲು ಮುಚ್ಚಿದ್ದು.

2022ರ ಕೊನೆಯಲ್ಲಿ ಸರ್ವರ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವನ್ನು 20.04ರಿಂದ 22.04ಕ್ಕೆ ಏರಿಸಿದೆ. ಅದರೊಂದಿಗೆ ಪೈಥಾನ್ ಕೂಡ 3.8ರಿಂದ 3.10ಕ್ಕೆ ಬದಲಾಗುತ್ತದೆ ಎಂಬುದು ಗೊತ್ತಿದ್ದರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ರಾತ್ರಿಯ ಸ್ಕ್ರಿಪ್ಟ್ ಮೊದಲ ಹೆಜ್ಜೆಯಲ್ಲೇ ‘ಕಲೆಕ್ಷನ್ಸ್‌ನಿಂದ ಮ್ಯಾಪಿಂಗ್ ತರಲಾಗುತ್ತಿಲ್ಲ’ ಎಂದು ನಿಂತಿತು. ಬೆಳಿಗ್ಗೆ ಆರೂವರೆಗೆ ಒಬ್ಬ ಕಾರ್ಯದರ್ಶಿ ಫೋನ್ ಮಾಡಿ, “ಸಾರ್, ಇವತ್ತು ಬಟವಾಡೆ, ಪಟ್ಟಿ ಬಂದಿಲ್ವಲ್ಲ, ಜನ ಆಗ್ಲೇ ಬಂದು ಕೂತಿದಾರೆ” ಎಂದರು. ಆ ಸಾಲನ್ನು ತಿದ್ದಲು ಒಂದು ನಿಮಿಷ ಸಾಕಾಯಿತು: ಒಂದು ಚುಕ್ಕೆ, ಮೂರು ಅಕ್ಷರ. ಆಮೇಲೆ ಇನ್ನೊಂದು ಕಡೆ ನಿಂತಿತು. ಆವೃತ್ತಿಯನ್ನು ಪರೀಕ್ಷಿಸುವ ನಮ್ಮದೇ ಕೋಡ್ ಆವೃತ್ತಿ ಸಂಖ್ಯೆಯ ಮೊದಲ ಮೂರು ಅಕ್ಷರಗಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದುದರಿಂದ ಅದಕ್ಕೆ 3.10 ಎಂಬುದು 3.1 ಎಂದು ಕಂಡಿತು, ಪೈಥಾನ್ ತೀರ ಹಳೆಯದು ಎಂದು ಹೇಳಿ ಅದು ಹೊರನಡೆಯಿತು. (ಇದಕ್ಕೆ ಪೈಥಾನ್ ತಂಡ ಖಂಡಿತ ಹೊಣೆಯಲ್ಲ.) ಹೀಗೆ ಒಂದರ ಹಿಂದೆ ಒಂದನ್ನು ಸರಿಪಡಿಸಿ, ಹಳೆಯ ಪಟ್ಟಿಗಳೊಂದಿಗೆ ತಾಳೆ ನೋಡಿ, ಮೊತ್ತಗಳು ಸರಿಯಾಗಿವೆ ಎಂದು ಖಚಿತಪಡಿಸಿಕೊಳ್ಳುವಷ್ಟರಲ್ಲಿ ಎರಡು ದಿನ ಕಳೆದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹತ್ತು ವರ್ಷ ಮುಟ್ಟಬೇಕಾಗದ ಪೈಥಾನ್ ಎಂಬುದು ಇಲ್ಲ, ಇರಬೇಕೆಂದು ಬಯಸುವುದೂ ಸರಿಯಲ್ಲ. ಹತ್ತು ವರ್ಷದ ಪ್ರಯೋಗವೊಂದು ನಡೆದಾಗಿದೆ: 2010ರಲ್ಲಿ ಬಂದ 2.7ಕ್ಕೆ ಮೊದಲು 2015ರ ಗಡುವು ಇತ್ತು, ಅದನ್ನು 2020ಕ್ಕೆ ಮುಂದೂಡಿದರು. ಸಿಕ್ಕ ಐದು ವರ್ಷಗಳಲ್ಲಿ ನಿಧಾನವಾಗಿ ಕೋಡ್ ಬದಲಾಯಿಸಿದವರನ್ನು ನಾನು ಕಂಡದ್ದು ಕಡಿಮೆ. ನಮ್ಮ ಕಂಪನಿಯನ್ನೂ ಸೇರಿಸಿ ಹೆಚ್ಚಿನವರು ಕೊನೆಯ ಆರು ತಿಂಗಳಲ್ಲಿ ಏದುಸಿರು ಬಿಟ್ಟವರೇ.

ಈಗಿನ ವ್ಯವಸ್ಥೆ ಅದಕ್ಕಿಂತ ಎಷ್ಟೋ ಪ್ರಾಮಾಣಿಕವಾಗಿದೆ ಎಂಬುದು ನನ್ನ ಅಭಿಪ್ರಾಯ. ಭಾಷೆಯ ಜನಕ ಗೈಡೋ ವಾನ್ ರಾಸಮ್ 2018ರ ಜುಲೈನಲ್ಲಿ ಕೊನೆಯ ಮಾತಿನ ಅಧಿಕಾರವನ್ನು ಬಿಟ್ಟುಕೊಟ್ಟ ಮೇಲೆ, ಮುಖ್ಯ ಡೆವಲಪರ್‌ಗಳು ಆರಿಸುವ ಐವರ ಸ್ಟೀರಿಂಗ್ ಕೌನ್ಸಿಲ್ 2019ರಿಂದ ನಿರ್ಧಾರಗಳನ್ನು ತೆಗೆದುಕೊಳ್ಳುತ್ತಿದೆ. ಪ್ರತಿ ಆವೃತ್ತಿಗೂ ಒಬ್ಬ ರಿಲೀಸ್ ಮ್ಯಾನೇಜರ್ ಇರುತ್ತಾರೆ. ಆಲ್ಫಾ ಎಂಬ ಮೊದಲ ಪ್ರಾಯೋಗಿಕ ರೂಪದಿಂದ ಹಿಡಿದು ಐದು ವರ್ಷದ ಕೊನೆಯವರೆಗೂ ಅದರ ಜವಾಬ್ದಾರಿ ಅವರದೇ. ಪೆಪ್ 602 ಎಂಬ ದಾಖಲೆಯ ಪ್ರಕಾರ 3.9ರಿಂದೀಚೆಗೆ ವರ್ಷಕ್ಕೊಂದು ಬಿಡುಗಡೆ. ಮೊದಲ ಬೀಟಾ (ಆಲ್ಫಾದ ನಂತರದ ಪರೀಕ್ಷಾ ರೂಪ) ಬಂದ ದಿನದಿಂದ ಹೊಸ ಸೌಲಭ್ಯ ಸೇರಿಸುವಂತಿಲ್ಲ, ಅಲ್ಲಿಂದ ಅಕ್ಟೋಬರ್‌ವರೆಗೆ ತಿದ್ದುಪಡಿ ಮಾತ್ರ. ಬಿಡುಗಡೆಯಾದ ಮೇಲೆ ಒಂದೂವರೆ ವರ್ಷ, 3.13ರಿಂದ ಎರಡು ವರ್ಷ, ದೋಷಗಳನ್ನು ತಿದ್ದುತ್ತಾರೆ. ಅನಂತರ ಒಟ್ಟು ಐದು ವರ್ಷ ತುಂಬುವವರೆಗೆ ಭದ್ರತೆಗೆ ಸಂಬಂಧಿಸಿದ ತಿದ್ದುಪಡಿಗಳನ್ನಷ್ಟೇ ಕೊಡುತ್ತಾರೆ, ಅದೂ ಮೂಲ ಕೋಡಿನ ರೂಪದಲ್ಲಿ. ವಿಂಡೋಸ್ ಇನ್‌ಸ್ಟಾಲರ್ ಕೂಡ ಇರುವುದಿಲ್ಲ. ನಿಮ್ಮ 3.8ರ ಕಾಲ 2024ರ ಅಕ್ಟೋಬರ್‌ನಲ್ಲೇ ಮುಗಿದಿದೆ.

ಇದಕ್ಕಿಂತ ಹೆಚ್ಚು ಕಾಲ ಹಳತರಲ್ಲೇ ಇರಬೇಕೆಂದಿದ್ದರೆ ಉಬುಂಟು, ರೆಡ್ ಹ್ಯಾಟ್‌ನಂಥ ವಿತರಕರಿಗೆ ಹಣ ಕೊಟ್ಟು ಇರಿ, ಅವರು ತಮ್ಮ ಪಾಡಿಗೆ ತೇಪೆ ಹಚ್ಚಿ ಕೊಡುತ್ತಾರೆ. ಸ್ವಯಂಸೇವಕರೇ ಹೆಚ್ಚಾಗಿರುವ ತಂಡದಿಂದ ಅದನ್ನು ಪುಕ್ಕಟೆಯಾಗಿ ನಿರೀಕ್ಷಿಸಬೇಡಿ. ಬೇರೆ ಭಾಷೆಗೆ ಹೋದರೆ ಹೇಗೆ ಎಂದೂ ಕೇಳಿದ್ದೀರಿ. ಎಚ್ಚರಿಕೆ ಓದದವರಿಗೆ ಎಲ್ಲ ಭಾಷೆಯೂ ಒಂದೇ.

ನೀವು ಮಾಡಬೇಕಾದದ್ದು ಇಷ್ಟು. ಆವೃತ್ತಿಯನ್ನು ಮುಟ್ಟುವ ಮೊದಲು, ಈಗಿರುವ 3.8ರಲ್ಲೇ ಎಲ್ಲ ಎಚ್ಚರಿಕೆಗಳನ್ನು ತೆರೆದು ಒಂದು ವಾರ ಓಡಿಸಿ, ಬಂದದ್ದನ್ನೆಲ್ಲ ತಿದ್ದಿ. ಆಮೇಲೆ 3.10, ಆಮೇಲೆ 3.12 ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ. ಒಂದೇ ಏಟಿಗೆ ಹಾರಿದರೆ ನಡುವಿನ ಆವೃತ್ತಿಗಳು ಕೊಡುವ ಎಚ್ಚರಿಕೆಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಪರೀಕ್ಷೆಯ ಯಂತ್ರದಲ್ಲಿ ಎಚ್ಚರಿಕೆಯನ್ನೇ ‘ಎರರ್’ ಆಗಿಸಿಡಿ. ನಕಲು ಮಾಡಿ ಇಟ್ಟುಕೊಂಡಿರುವ ಗ್ರಂಥಾಲಯಗಳನ್ನು ನಿಮ್ಮದೇ ಕೋಡ್ ಎಂದು ತಿಳಿದು ನೋಡಿ. 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’ ಇಲ್ಲ, 3.13ರಲ್ಲಿ ‘ಸಿಜಿಐ’, ‘ಕ್ರಿಪ್ಟ್’, ‘ಟೆಲ್‌ನೆಟ್‌ಲಿಬ್’ ಸೇರಿದಂತೆ 19 ಹಳೆಯ ಮಾಡ್ಯೂಲ್‌ಗಳನ್ನು ತೆಗೆದಿದ್ದಾರೆ. ಈ ಹೆಸರುಗಳನ್ನು ನಿಮ್ಮ ಕೋಡಿನಲ್ಲಿ ಇವತ್ತೇ ಹುಡುಕಿ. ನಮ್ಮಲ್ಲಿ ‘ಟೆಲ್‌ನೆಟ್‌ಲಿಬ್’ ಸಿಕ್ಕಿತು, ಫ್ಯಾಟ್ ಅಳೆಯುವ ಹಳೆಯ ಯಂತ್ರವೊಂದರ ಜೊತೆ ಮಾತನಾಡುವ ಕಡತದಲ್ಲಿ. ಅದನ್ನು ಬದಲಾಯಿಸಲು ಮೂರು ವಾರ ಬೇಕಾಯಿತು, 3.11ರ ಎಚ್ಚರಿಕೆ ಓದಿ ಮೊದಲೇ ಶುರುಮಾಡಿದ್ದರಿಂದ ಮೂರು ವಾರ ನಮ್ಮ ಕೈಯಲ್ಲಿತ್ತು.