ಅಕ್ಕೋರ ಉತ್ತರ: ಅಪ್ಪನ ಉಳಿ, ತೊಗರಿ ಹೂವು

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನನಗೆ 34 ವರ್ಷ. ನಮ್ಮಪ್ಪ ಬಿದರಿ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷ ಆಯಿತು. ಅವರ ಉಳಿ, ಸುತ್ತಿಗೆ ಎಲ್ಲ ಒಂದು ಬಿಸ್ಕೀಟ್ ಡಬ್ಬಿಯಲ್ಲಿ ನನ್ನ ಹತ್ತಿರ ಇವೆ. ಅವರೇ ಎರಕ ಹೊಯ್ಸಿದ ಒಂದು ಖಾಲಿ ತಟ್ಟೆಯೂ ಇದೆ. ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಕುಳಿತು ಕೆತ್ತಿದ್ದೇನೆ. ಆ ತಟ್ಟೆ ಮೇಲೆ ತೊಗರಿ ಗಿಡ ಕೆತ್ತಬೇಕು ಅಂತ ಆಸೆ. ಬಳ್ಳಿ, ಗಸಗಸೆ ಗಿಡ ಎಲ್ಲರೂ ಮಾಡುತ್ತಾರೆ. ನಮ್ಮ ಹೊಲದ ಗಿಡವನ್ನು ನಾನು ಎಲ್ಲೂ ನೋಡಿಲ್ಲ. ಆದರೆ ಕೂರುವುದೇ ಆಗುತ್ತಿಲ್ಲ. ಮಗನ ಪರೀಕ್ಷೆ ಮುಗಿಯಲಿ, ಬೆಳ್ಳಿ ರೇಟು ಇಳಿಯಲಿ, ಮೊದಲು ಚಿತ್ರ ಬಿಡಿಸೋದು ಸರಿಯಾಗಿ ಕಲಿಯೋಣ ಅಂತ ದಿನ ಹೋಗುತ್ತಿವೆ. ಇಷ್ಟು ದೊಡ್ಡ ದೊಡ್ಡ ಕಲಾವಿದರಿರುವ ಊರಲ್ಲಿ ನನ್ನದೇನು ಅಂತಲೂ ಅನಿಸುತ್ತದೆ. ಅಣ್ಣ, ‘ತೊಗರಿ ತಟ್ಟಿ ಯಾರ್ ತಗೋತಾರ?’ ಅಂತ ನಗುತ್ತಾನೆ. ಉಳಿ ಹಿಡಿದರೆ ಅಪ್ಪ ಹಿಂದೆ ನಿಂತು ನೋಡಿದ ಹಾಗಾಗುತ್ತದೆ. ಏನು ಮಾಡಲಿ?
(ಹೆಸರು ಬೇಡ, ಬೀದರ್)

ಉತ್ತರ: ತಂಗೀ, ನಿನ್ನ ಕಾಗದ ಮೂರು ಸಲ ಓದಿದೆ. ಪರೀಕ್ಷೆ, ಬೆಳ್ಳಿ ರೇಟು, ಚಿತ್ರ ಕಲಿಯೋದು ಅಂತ ಒಂದರ ಹಿಂದೆ ಒಂದು ಕಾರಣ ಕೊಟ್ಟಿದ್ದೀಯ. ಖರೆ ಕಾರಣ ಕೊನೆಯಲ್ಲಿ ತಾನಾಗಿಯೇ ಬಂದುಬಿಟ್ಟಿದೆ. ಪರೀಕ್ಷೆ ಈ ವರ್ಷ ಮುಗಿದರೆ ಮುಂದಿನ ವರ್ಷ ಮತ್ತೊಂದು ಬರುತ್ತದೆ. ಬೆಳ್ಳಿ ರೇಟು ಇಳಿಯೋದನ್ನು ಕಾಯುತ್ತಾ ಕೂತರೆ ನಿನಗೆ ಮೊಮ್ಮಕ್ಕಳಾಗುತ್ತಾರೆ. ನಿನಗಿರುವ ಅಂಜಿಕೆ ಅಪ್ಪನ ಕಣ್ಣಿನದು.

ಸೋಮಾರಿ ಅಂತ ನಿನ್ನನ್ನು ನೀನು ಬೈದುಕೊಳ್ಳಬೇಡ. ನಾಲ್ಕು ವರ್ಷ ಒಂದು ಖಾಲಿ ತಟ್ಟೆಯನ್ನು ಜೋಪಾನ ಮಾಡಿದವಳು ನೀನು.

ನನ್ನದೊಂದು ಹೇಳುತ್ತೇನೆ. ನನಗೆ 26 ವರ್ಷ ಇದ್ದಾಗ ಕಲಬುರಗಿಯಲ್ಲಿ ಒಂದು ಪ್ರದರ್ಶನಕ್ಕೆ ಚಿತ್ರ ಇಟ್ಟಿದ್ದೆ. ಕಳೆ ತೆಗೆದು ಬಂದು ಬದುವಿನ ಮೇಲೆ ಸಾಲಾಗಿ ಕುಳಿತು ಬುತ್ತಿ ಉಣ್ಣುವ ಹೆಣ್ಣುಮಕ್ಕಳು. ಹಿರಿಯ ಕಲಾವಿದರೊಬ್ಬರು ಬಂದರು. ನೋಡಿದರು. ‘ಕೈ ಎಲ್ಲಾ ರೊಟ್ಟಿ ಬಡಿಯೋ ಹಲಗಿ ಆಗ್ಯಾವಲ್ಲ’ ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ಕೈಗಳು ದಪ್ಪ ಇದ್ದದ್ದು ಖರೆ. ಹೊಲದಲ್ಲಿ ದುಡಿಯೋ ಕೈ ಹಾಗೇ ಇರುತ್ತವೆ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಚಿತ್ರವನ್ನು ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನ ಹಿಂದೆ ಇಟ್ಟೆ. ಆಮೇಲೆ ಒಂಬತ್ತು ವರ್ಷ ಬಣ್ಣ ಮುಟ್ಟಲಿಲ್ಲ. ಕೇಳಿದವರಿಗೆ, ‘ಮಕ್ಕಳು ಸಣ್ಣವು, ಟೈಮ್ ಎಲ್ಲಿದೆ’ ಅನ್ನುತ್ತಿದ್ದೆ. ನಳದ ನೀರು ಬರುವ ದಿನ ಅಂತೂ ಬೆಳಗ್ಗೆಯೇ ಮುಗಿದುಹೋಗುತ್ತಿತ್ತು, ಅದು ಸುಳ್ಳಲ್ಲ. ಆದರೆ ಉಳಿದ ದಿನಗಳಿಗೆ ಏನು ಹೇಳಲಿ?

ಶಾಲೆಯಲ್ಲಿ ಮಾತ್ರ ಬಿಡಿಸಲೇಬೇಕಿತ್ತು. ಡ್ರಾಯಿಂಗ್ ಟೀಚರ್ ಅಲ್ವಾ? ದಿನಾ ಕಪ್ಪುಹಲಗೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಜೋಳದ ತೆನೆ, ಎತ್ತಿನ ಕೊಂಬು, ಕೊಡ ಹಿಡಿದ ಕೈ. ಗಂಟೆ ಬಾರಿಸಿದ ಕೂಡಲೇ ಗಣಿತದ ಮಾಸ್ತರು ಬಂದು ಒರೆಸಿಬಿಡುತ್ತಿದ್ದರು. ಹೇಗೂ ಒರೆಸಿ ಹೋಗೋದು ಅಂತ ಗೊತ್ತಿದ್ದಕ್ಕೆ ಕೈ ನಡುಗುತ್ತಿರಲಿಲ್ಲ. ಒಂದು ದಿನ ಕೊಡದ ಕಂಠ ಹಿಡಿದ ಬೆರಳು ಬಿಡಿಸುವಾಗ ಸುಮ್ನೆ ನಿಂತುಬಿಟ್ಟೆ. ಹೆಬ್ಬೆರಳ ಬುಡ ಸರಿಯಾಗಿ ಬಂದಿತ್ತು. ಕೈ ದಪ್ಪವೇ ಇತ್ತು, ಅದರಲ್ಲಿ ತುಂಬಿದ ಕೊಡದ ಭಾರವೂ ಇತ್ತು. ಚಿತ್ರ ಬಿಟ್ಟೆ ಅಂದುಕೊಂಡವಳು ಒಂಬತ್ತು ವರ್ಷ ದಿನಕ್ಕೆ ನಾಲ್ಕು ಪೀರಿಯಡ್ ಬಿಡಿಸುತ್ತಲೇ ಇದ್ದೆ. ಆ ಭಾನುವಾರ ಹಳೆ ಕ್ಯಾಲೆಂಡರಿನ ಹಿಂಬದಿಗೆ ಬಣ್ಣ ಹಚ್ಚಿದೆ. ಅಂಜಿಕೆ ಆಗಲೂ ಇತ್ತು. ಈಗ ನನಗೆ 63, ಈಗಲೂ ಇದೆ. ಅದು ಹೋಗಲಿ ಅಂತ ಕಾಯುವುದನ್ನು ಮಾತ್ರ ಬಿಟ್ಟೆ.

ನಿಮ್ಮ ಕೆಲಸದಲ್ಲೂ ಒರೆಸಿ ಹೋಗುವ ಕಪ್ಪು ಒಂದಿದೆ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಬೇರೆ ಓದುಗರಿಗಾಗಿ ಹೇಳುತ್ತೇನೆ. ಬಿದರಿ ಲೋಹ ಅಂದರೆ ಹೆಚ್ಚು ಸತು, ಸ್ವಲ್ಪ ತಾಮ್ರ. 16 ಪಾಲಿಗೆ 1 ಪಾಲು ಅನ್ನೋದು ರೂಢಿಯ ಲೆಕ್ಕ. ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚುತ್ತಾರೆ. ಮೈ ಕಪ್ಪಗಾಗುತ್ತದೆ. ಅದರ ಮೇಲೆ ಚೂಪು ಮೊನೆಯಿಂದ ಗೀರಿದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆ ಗೆರೆಯನ್ನು ಉಳಿಯಿಂದ ಕೆತ್ತಿ, ಅದರೊಳಗೆ ಬೆಳ್ಳಿ ಕೂರಿಸಿ ಬಡಿಯುತ್ತಾರೆ. ಈ ಕಪ್ಪು ಬರೀ ಚಿತ್ರ ಬಿಡಿಸುವಷ್ಟು ಹೊತ್ತಿನದು, ಆಮೇಲೆ ಉಜ್ಜಿದರೆ ಹೋಗುತ್ತದೆ.

ಒಂದು ಸಲ ಶಾಲೆ ಮಕ್ಕಳನ್ನು ಕರೆದುಕೊಂಡು ನಿಮ್ಮೂರಿಗೆ ಬಂದಿದ್ದೆ. ಕೋಟೆ, ಗವಾನ್ ಮದರಸಾ ನೋಡಿ, ಚೌಬಾರಾ ಗೋಪುರದ ಹತ್ತಿರ ಒಬ್ಬ ಉಸ್ತಾದರ ಅಂಗಡಿಗೆ ಹೋದೆವು. ಅವರು ನೆಲದ ಮೇಲೆ ಕುಳಿತು, ಒಂದು ಹೂದಾನಿಗೆ ಬೆಳ್ಳಿ ತಂತಿ ಬಡಿದು ಮುಗಿಸಿ, ಉಜ್ಜಿ ಇಟ್ಟಿದ್ದರು. ಮೈಲುತುತ್ತದ ಕಪ್ಪು ಪೂರ್ತಿ ಹೋಗಿತ್ತು. ಬೂದು ಲೋಹದ ಮೇಲೆ ಬಿಳಿ ಬೆಳ್ಳಿ. ಎಷ್ಟು ದಿಟ್ಟಿಸಿದರೂ ಚಿತ್ರ ಯಾವುದು, ಲೋಹ ಯಾವುದು ತಿಳಿಯಲಿಲ್ಲ. ಒಬ್ಬ ಹುಡುಗ, ‘ಅಕ್ಕೋರೆ, ಏನೂ ಕಾಣವಲ್ದು’ ಅಂದ. ಉಸ್ತಾದರು ಮಾತಾಡಲಿಲ್ಲ. ಕೋಟೆಯೊಳಗೆ ಬಿಸಿಲು ಮಳೆ ತಾಗದ ಜಾಗದಿಂದ ತಂದ ಮಣ್ಣು ಒಂದು ಚೀಲದಲ್ಲಿತ್ತು. ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿ, ತಲೆ ಆಡಿಸಿದರು. ಆ ಮಣ್ಣು, ನವಸಾಗರ ಅನ್ನೋ ಉಪ್ಪು, ಕುದಿಯುವ ನೀರು. ಹೂದಾನಿ ಅದರಲ್ಲಿ ಮುಳುಗಿ ಎದ್ದಾಗ ಲೋಹ ಕಾಡಿಗೆಯಂಥ ಕಪ್ಪಾಗಿತ್ತು. ಬೆಳ್ಳಿ ಮಾತ್ರ ಹಾಗೇ ಇತ್ತು. ಕೊನೆಗೆ ಎಣ್ಣೆ ಸವರಿದರು. ಬಳ್ಳಿಯ ಒಂದೊಂದು ಎಲೆಯೂ ಕಾಣುತ್ತಿತ್ತು. ಮಕ್ಕಳು ಬಸ್ ಹತ್ತುವವರೆಗೂ ಅದನ್ನೇ ಮಾತಾಡಿದರು.

ಬೆಳ್ಳಿ ಬಡಿದು ಮುಗಿಸಿದ ಕೆಲಸವೇ ಆ ಹಂತದಲ್ಲಿ ಏನೂ ಇಲ್ಲದ ಹಾಗೆ ಕಾಣುತ್ತದೆ. ನೀನು ಒಂದು ಗೆರೆ ಎಳೆಯುವ ಮೊದಲೇ ಚೆನ್ನಾಗಿಲ್ಲ ಅಂತ ತೀರ್ಪು ಕೊಟ್ಟುಕೊಂಡಿದ್ದೀಯ. ಮಣ್ಣಿನ ನೀರಿಗೆ ಇಳಿಯುವ ತನಕ ಅಪ್ಪನೂ ಏನೂ ಹೇಳುವ ಹಾಗಿಲ್ಲ, ಅಣ್ಣನೂ ಇಲ್ಲ. ಅಲ್ಲಿಯವರೆಗೆ ಅಣ್ಣನಿಗೆ ತೋರಿಸಬೇಡ. ತಮಾಷೆಗೆ ಅಂದ ಮಾತು ಕೂಡ ಶುರುವಿನಲ್ಲಿ ಕೈ ಕಟ್ಟಿಹಾಕುತ್ತದೆ. ನನ್ನ ಒಂಬತ್ತು ವರ್ಷ ಹೋದದ್ದು ಒಂದು ರೊಟ್ಟಿ ಹಲಗೆಯ ಮಾತಿಗೆ.

ದೊಡ್ಡವರ ಮಾತೂ ಬರೆದಿದ್ದೀಯ. ನಿಮ್ಮೂರಿನ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರೂ ತಂದೆಯ ಹತ್ತಿರವೇ ಕಲಿತವರು. ನಿನ್ನ ಹಾಗೆ.

ಈಗ ಕೆಲಸದ ಮಾತು. ಅಪ್ಪನ ತಟ್ಟೆಯನ್ನು ಸದ್ಯಕ್ಕೆ ಮುಟ್ಟಲೇಬೇಡ. ಅದು ಡಬ್ಬಿಯ ಪಕ್ಕದಲ್ಲೇ ಇರಲಿ. ಪರಿಚಯದವರ ಅಂಗಡಿಯಿಂದ ಎರಕದಲ್ಲಿ ಕೆಟ್ಟುಹೋದ ಒಂದು ತುಂಡು ಕೇಳಿ ತಾ. ಅದು ಹೇಗಿದ್ದರೂ ಮತ್ತೆ ಕರಗಿಸುವ ಲೋಹ. ನಿನ್ನ ಕೈಯಲ್ಲಿ ಇನ್ನಷ್ಟು ಕೆಟ್ಟರೂ ಯಾರಿಗೂ ನಷ್ಟ ಇಲ್ಲ. ಬೆಳ್ಳಿ ಬೇಡ. ಡಬ್ಬಿಯಿಂದ ಒಂದೇ ಉಳಿ ತೆಗೆ. ನಾಲ್ಕು ವರ್ಷ ಸುಮ್ಮನೆ ಬಿದ್ದ ಉಳಿ ಮೊಂಡಾಗಿರುತ್ತದೆ, ಮೊದಲ ದಿನ ಬರೀ ಅದನ್ನು ಮಸೆ. ಅಷ್ಟಕ್ಕೇ ಎದ್ದುಬಿಡು. ಎರಡನೇ ದಿನ ನೇರ ಗೆರೆ ಕೆತ್ತು. ಮಗ ಶಾಲೆಗೆ ಹೋದಮೇಲೆ ಅರ್ಧ ಗಂಟೆ ಸಾಕು, ಆದರೆ ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂರು. ಅರ್ಧ ಗಂಟೆ ಆದಮೇಲೆ ಇನ್ನೂ ಮಾಡಬೇಕು ಅನಿಸಿದರೂ ಏಳು. ಮರುದಿನ ಕೂರೋದಕ್ಕೆ ಆ ಆಸೆ ಬೇಕಾಗುತ್ತದೆ.

ವಾರ ಕಳೆದಮೇಲೆ ತೊಗರಿ. ಪೂರ್ತಿ ಗಿಡ ಬೇಡ, ಮೊದಲು ಎಲೆ. ಮೊಬೈಲಿನ ಚಿತ್ರ ನೋಡಿ ಕೆತ್ತಬೇಡ, ಹೊಲಕ್ಕೆ ಹೋಗು. ನಾನು ಆ ಗಿಡವನ್ನು ಬಹಳ ಸಲ ಬಿಡಿಸಿದ್ದೇನೆ. ಒಂದು ತೊಟ್ಟಿಗೆ ಮೂರು ಎಲೆ, ನಡುವಿನದಕ್ಕೆ ತೊಟ್ಟು ಸ್ವಲ್ಪ ಉದ್ದ. ಹೂವು ಹಳದಿ. ಮೇಲಿನ ದೊಡ್ಡ ಎಸಳಿನ ಹಿಂಬದಿಗೆ ಕೆಲವು ತಳಿಗಳಲ್ಲಿ ಕೆಂಪು ಗೀರುಗಳಿರುತ್ತವೆ, ಯಾರೋ ಸಣ್ಣ ಕುಂಚದಲ್ಲಿ ಎಳೆದ ಹಾಗೆ. ಆ ಗೀರುಗಳನ್ನು ನೋಡಿದಾಗಲೆಲ್ಲ ಇದು ತಂತಿ ಕೆಲಸಕ್ಕೆ ಹೇಳಿ ಮಾಡಿಸಿದ ಹೂವು ಅನಿಸುತ್ತದೆ ನನಗೆ. ಕಾಯಿಯ ಮೈಮೇಲೆ ಕಾಳು ಕಾಳಿನ ನಡುವೆ ಓರೆಯಾಗಿ ತಗ್ಗು ಇರುತ್ತದೆ. ಅಲ್ಲಿಗೆ ತಂತಿ ಸಾಲದು, ಬೆಳ್ಳಿ ತಗಡು ಕತ್ತರಿಸಿ ಕೂರಿಸಬೇಕಾಗಬಹುದು. ಅದು ನಿನಗೆ ಬಿಟ್ಟದ್ದು.

ಯಾರು ತಗೋತಾರೆ ಅನ್ನೋ ಪ್ರಶ್ನೆ ಮೊದಲ ತಟ್ಟೆಗೆ ಬೇಡ. ಅಣ್ಣನಿಗೆ ಇಷ್ಟು ಹೇಳು: ಬಿದರಿಗೆ 2006ರಲ್ಲಿ ಜಿಐ ಗುರುತು, ಅಂದರೆ ಇದು ಈ ನೆಲದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿತು, ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ. ನಮ್ಮ ನೆಲದ ಎರಡು ಹೆಮ್ಮೆ ಒಂದೇ ತಟ್ಟೆಯಲ್ಲಿ ಕೂರಲಿ ಅಂತ ನನಗೂ ಆಸೆ ಬಂದಿದೆ.

ಕೊನೆಗೆ ಅಪ್ಪನ ವಿಷಯ. ಅವರ ಉಳಿಯೂ ಜಾರಿದ ದಿನಗಳಿದ್ದೇ ಇರುತ್ತವೆ, ನೀನು ಪಕ್ಕದಲ್ಲೇ ಕುಳಿತಿದ್ದೆಯಲ್ಲ. ಆಗ ಏನು ಮಾಡಿದರು? ಬೈದರಾ, ನಕ್ಕರಾ, ಅರ ತೆಗೆದುಕೊಂಡು ಉಜ್ಜಿ ಮತ್ತೆ ಮೈಲುತುತ್ತ ಹಚ್ಚಿದರಾ? ನೆನಪು ಮಾಡಿಕೊಂಡು ನನಗೆ ಬರಿ. ಜೊತೆಗೆ ಕೆಟ್ಟ ತುಂಡಿನ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಗೆರೆಗಳು ಮೂಡುತ್ತವೆ. ಆ ಹಾಳೆಯನ್ನೂ ಕಳಿಸು. ಡೊಂಕಾಗಿದ್ದರೂ ಕಳಿಸು.

ಪ್ರಶ್ನೆ: ನಾನು ನಿವೃತ್ತ ನೌಕರ. ಭೀಮಾ ದಂಡೆಯ ನಮ್ಮ ಊರಿನ ಹಳೆಯ ಬಾವಿಗಳು, ಅವುಗಳ ಹೆಸರು, ಅಲ್ಲಿ ನಡೆದ ಪ್ರಸಂಗಗಳನ್ನು ಬರೆಯುತ್ತಿದ್ದೇನೆ. 40 ಪುಟ ಆಗಿದೆ. ಆದರೆ ಎರಡು ವರ್ಷದಿಂದ ಅದೇ 40 ಪುಟ ತಿದ್ದುತ್ತಿದ್ದೇನೆ, ಮುಂದೆ ಹೋಗುತ್ತಿಲ್ಲ.
(ಓದುಗರು, ಯಾದಗಿರಿ)

ಉತ್ತರ: ಅಣ್ಣಾವ್ರೇ, ಆ 40 ಪುಟಗಳನ್ನು ಒಂದು ಲಕೋಟೆಗೆ ಹಾಕಿ, ಬಾಯಿ ಅಂಟಿಸಿ, ಬೇರೆ ಊರಲ್ಲಿರುವ ತಂಗಿಯೋ ಮಗಳೋ ಇದ್ದರೆ ಅವರ ಮನೆಯಲ್ಲಿ ಇಟ್ಟುಬನ್ನಿ. ಕೇಳಿದರೂ ಕೊಡಬೇಡಿ ಅಂತ ಹೇಳಿಬನ್ನಿ. ಮನೆಯಲ್ಲಿದ್ದರೆ ಕೈ ಅದರ ಕಡೆಗೇ ಹೋಗುತ್ತದೆ. ಬರೆದದ್ದನ್ನು ತಿದ್ದುವಾಗ ಕೆಲಸ ಮಾಡಿದ ಸಮಾಧಾನ ಸಿಗುತ್ತದೆ, ಬರೆಯದ ಬಾವಿಯ ಹತ್ತಿರ ಹೋಗುವ ಅಂಜಿಕೆ ಇರುವುದಿಲ್ಲ. ಅದಕ್ಕೇ ಅಲ್ಲೇ ಉಳಿದಿದ್ದೀರಿ.

41ನೇ ಪುಟಕ್ಕೆ ಯಾವ ಬಾವಿ ಅಂತ ಇವತ್ತೇ ಗೊತ್ತು ಮಾಡಿ. ಊರಿಗೆ ಹೋಗಿ ಆ ಬಾವಿಯ ಮೆಟ್ಟಿಲು ಎಣಿಸಿ. ಹೂಳು ತುಂಬಿದ್ದರೆ ಕಾಣುವಷ್ಟು ಎಣಿಸಿ. ಅಲ್ಲಿ ನೀರು ಸೇದಿದ ಹಿರಿಯ ಹೆಣ್ಣುಮಗಳು ಯಾರಾದರೂ ಇದ್ದರೆ ಪಕ್ಕದಲ್ಲಿ ಕುಳಿತು ಮಾತಾಡಿಸಿ, ಹಗ್ಗ ಎಷ್ಟು ಮಾರು ಬೇಕಾಗುತ್ತಿತ್ತು ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ದಯವಿಟ್ಟು ಈ ಕೆಲಸ ಬೇಗ ಮಾಡಿ. ಹಗ್ಗದ ಲೆಕ್ಕ ಗೊತ್ತಿರುವ ಅಜ್ಜಿಯರು ಈಗ ಒಂದೊಂದು ಊರಲ್ಲಿ ಇಬ್ಬರು ಮೂವರು ಉಳಿದಿದ್ದಾರೆ.