ಕ್ಯಾಪ್ ಕಳಚಿದರೆ ಏನು ಮಾಡಬೇಕು?

ಪ್ರಶ್ನೆ: ಖಡಕ್ ರೊಟ್ಟಿ ಕಡಿಯುವಾಗ ದವಡೆ ಹಲ್ಲಿನ ಕ್ಯಾಪ್ ಕಳಚಿ ಕೈಗೆ ಬಂತ್ರಿ. ನಮ್ಮ ಡಾಕ್ಟರು ನಾಲ್ಕು ದಿನ ಊರಲ್ಲಿಲ್ಲ. ಮಗ ಫೆವಿಕ್ವಿಕ್ ಹಚ್ಚಿ ಕೂಡಿಸ್ತೀನಿ ಅಂತಾನ. ಹಚ್ಚಬಹುದೇನ್ರಿ?
— ಓದುಗರೊಬ್ಬರು, ರೋಣ

ಉತ್ತರ: ಬ್ಯಾಡ್ರಿ ಅಕ್ಕಾರ, ಫೆವಿಕ್ವಿಕ್ ಮಾತ್ರ ಬ್ಯಾಡ. ಎಂಜಲು ತಾಗಿದ ಕೂಡಲೇ ಅದು ಬಿಸಿಯಾಗಿ ಗಟ್ಟಿಯಾಗುತ್ತದೆ, ಒಸಡು ಸುಡುತ್ತದೆ. ಕ್ಯಾಪ್ ಒಂದಿಷ್ಟು ಎತ್ತರ ಕೂತರೂ ಬಿಡಿಸುವಾಗ ಹಲ್ಲೇ ಮುರಿದೀತು. ಧಾರವಾಡದ ನನ್ನ ಕ್ಲಿನಿಕ್ಕಿಗೆ ಹಾಗೆ ಅಂಟಿಸಿಕೊಂಡು ಬಂದವರ ಕ್ಯಾಪ್ ಕೊರೆದು ತೆಗೆಯುವಾಗ ನನಗೇ ಸಂಕಟವಾಗುತ್ತದೆ.

ಕ್ಯಾಪ್ ತೊಳೆದು ಒರೆಸಿ, ಏನೂ ಹಚ್ಚದೆ ಕೂಡಿಸಿ ನೋಡಿ. ಮೇಲಿನ-ಕೆಳಗಿನ ಹಲ್ಲು ಮೊದಲಿನಂತೆಯೇ ಕೂಡಿದರೆ, ಔಷಧಿ ಅಂಗಡಿಯಲ್ಲಿ ಸಿಗುವ, ಕಟ್ಟಿದ ಹಲ್ಲು ನಿಲ್ಲಿಸುವ ಅಂಟನ್ನು ಒಳಗೆ ಸ್ವಲ್ಪ ಹಾಕಿ ಮೆಲ್ಲಗೆ ಕಚ್ಚಿ. ಮಲಗುವಾಗ ತೆಗೆದು ಡಬ್ಬಿಯಲ್ಲಿಡಿ. ನಿದ್ದೆಯಲ್ಲಿ ಗಂಟಲಿಗೆ ಜಾರಿದರೆ ಕಷ್ಟ. ಜುಮ್ಮೆಂದರೆ ಹತ್ತಿಯಲ್ಲಿ ಒಂದೇ ಹನಿ ಲವಂಗದ ಎಣ್ಣೆ, ಹಲ್ಲಿಗೆ ಮಾತ್ರ. ಅದರಲ್ಲಿರುವ ಯೂಜಿನಾಲ್ ಎಂಬ ಅಂಶ ನೋವು ಮಂದ ಮಾಡುತ್ತದೆ, ಒಸಡಿಗೆ ಹತ್ತಿದರೆ ಉರಿಯುತ್ತದೆ.

ನಾಲ್ಕು ದಿನ ರೊಟ್ಟಿ ಬಿಟ್ಟು ನುಚ್ಚು-ಮಜ್ಜಿಗೆ ಉಣ್ಣಿ. ಗಲ್ಲ ಊದಿದರೆ, ಜ್ವರ ಬಂದರೆ ಕಾಯಬೇಡಿ. ಅವತ್ತೇ ಗದಗಿಗೆ ಹೋಗಿ ತೋರಿಸಿ. ಕ್ಯಾಪ್ ಮರೆಯದೆ ಒಯ್ಯಿರಿ.